ಮೊದಲು ಅಳತೆ, ಆಮೇಲೆ ಪಾನಾ: ಹವ್ಯಾಸಕ್ಕೆ ಕಾರ್ ಎಂಜಿನ್ ಕಟ್ಟುವುದು

ಕಾರಿನ ಎಂಜಿನ್ ಒಂದನ್ನು ನಮ್ಮ ಕೈಯಾರೆ ಕಟ್ಟಬೇಕು ಅನ್ನುವ ಆಸೆ ಇರುವವರೇ ಇಲ್ಲಿ ಕೂತಿದ್ದೀರಿ. ಎಲ್ಲಿಂದ ಶುರು ಮಾಡುವುದು ಅನ್ನುವುದು ಮೊದಲು ಇತ್ಯರ್ಥ ಆಗಬೇಕು. ಲೋಹ ಕರಗಿಸಿ ಎರಕ ಹೊಯ್ಯುವಲ್ಲಿಂದಲೇ ಶುರು ಮಾಡುವವರು ಇದ್ದಾರೆ. ಅವರಲ್ಲಿ ಹೆಚ್ಚಿನವರು ಮಾಡುವುದು ಮೇಜಿನ ಮೇಲೆ ಇಡುವಂಥ ಪುಟ್ಟ ಮಾದರಿ ಎಂಜಿನ್‌ಗಳನ್ನು. ಕಾರು ಎಳೆಯುವ ಅಳತೆಯ ಎಂಜಿನ್ನನ್ನು ಎರಕದಿಂದ ಹಿಡಿದು ಒಬ್ಬರೇ ಮಾಡುವುದು ತುಂಬ ಅಪರೂಪ. ನಾನು ಇವತ್ತು ಹೇಳುವುದು ಇನ್ನೊಂದು ದಾರಿ. ಒಂದು ಹಳೆಯ ಎಂಜಿನ್ ತರುವುದು. ಕೊನೆಯ ಬೋಲ್ಟಿನವರೆಗೆ ಬಿಚ್ಚುವುದು. ಪ್ರತಿ ಭಾಗವನ್ನೂ ತೊಳೆದು ಅಳೆಯುವುದು. ಸವೆದದ್ದನ್ನು ಸರಿ ಮಾಡಿಸಿ ಮತ್ತೆ ಜೋಡಿಸುವುದು. ರೇಸ್ ಎಂಜಿನ್ ಕಟ್ಟುವವರೂ ಬಹುಪಾಲು ಮಾಡುವುದು ಇದನ್ನೇ.

ಈ ದಾರಿಯಲ್ಲಿ ಪಾನಾ ಹಿಡಿಯುವ ಹೊತ್ತು ಕಡಿಮೆ, ಮೈಕ್ರೋಮೀಟರ್ ಹಿಡಿಯುವ ಹೊತ್ತು ಜಾಸ್ತಿ. ಮೈಕ್ರೋಮೀಟರ್ ಅಂದರೆ ಮಿಲಿಮೀಟರಿನ ನೂರನೇ ಒಂದು ಪಾಲನ್ನೂ ಅಳೆಯುವ ಉಪಕರಣ. ಯಾಕೆ ಅಂದರೆ ಎಂಜಿನ್ ಕಟ್ಟುವವರ ಕೈಯಲ್ಲಿರುವುದು ಭಾಗಗಳ ನಡುವಿನ ಸಂದು. ಸಿಲಿಂಡರಿನೊಳಗೆ ಮೇಲೆ ಕೆಳಗೆ ಓಡಾಡುವ ಪಿಸ್ಟನ್ನು, ಆ ಓಡಾಟವನ್ನು ಸುತ್ತುವಿಕೆಯಾಗಿ ಬದಲಿಸುವ ಕ್ರ್ಯಾಂಕು (ಕ್ರ್ಯಾಂಕ್‌ಶಾಫ್ಟ್), ಗ್ಯಾಸ್ ಒಳಗೆ ಹೊರಗೆ ಬಿಡುವ ವಾಲ್ವು, ಇವನ್ನೆಲ್ಲ ಕಾರ್ಖಾನೆಯವರು ಮಾಡಿ ಕೊಟ್ಟಿರುತ್ತಾರೆ. ಆದರೆ ಈ ಪಿಸ್ಟನ್ನು ಈ ಸಿಲಿಂಡರಿನಲ್ಲಿ ಎಷ್ಟು ಸಡಿಲ ಇರಬೇಕು, ಕ್ರ್ಯಾಂಕನ್ನು ಹಿಡಿದಿರುವ ಈ ಬೇರಿಂಗಿಗೂ ಈ ಕ್ರ್ಯಾಂಕಿಗೂ ನಡುವೆ ಎಣ್ಣೆಗೆ ಎಷ್ಟು ಜಾಗ ಬಿಡಬೇಕು, ಅದನ್ನು ತೀರ್ಮಾನ ಮಾಡುವುದು ಕಟ್ಟುವವರು. ಎಂಜಿನ್ ಎರಡು ಲಕ್ಷ ಕಿಲೋಮೀಟರ್ ಬಾಳುತ್ತದೋ ಇಪ್ಪತ್ತು ನಿಮಿಷಕ್ಕೆ ಸೀಜ್ ಆಗುತ್ತದೋ (ಬಿಗಿದು ನಿಂತುಬಿಡುತ್ತದೋ) ಅನ್ನುವುದು ಆ ಸಂದುಗಳ ಮೇಲೆ ನಿಂತಿದೆ.

‘ದೊಡ್ಡ ಕಾರ್ಖಾನೆ ಇಲ್ಲದೆ ಇದೆಲ್ಲ ಆಗುತ್ತಾ?’ ಅಂತ ನಿಮ್ಮಲ್ಲಿ ಒಬ್ಬರು ಆಗಲೇ ಹೊರಗೆ ಕೇಳಿದರು. ಅದಕ್ಕೆ ಚಾರ್ಲಿ ಟೇಲರ್ ಕಥೆ ಹೇಳುತ್ತೇನೆ. ರೈಟ್ ಸಹೋದರರ ಸೈಕಲ್ ಅಂಗಡಿಯಲ್ಲಿ ಕೆಲಸಕ್ಕಿದ್ದ ಮೆಕ್ಯಾನಿಕ್ ಇವರು. 1903ರಲ್ಲಿ ಹಾರಿದ ವಿಮಾನಕ್ಕೆ ಎಂಜಿನ್ ಕಟ್ಟಿದ್ದು ಇವರೇ. ಅದಕ್ಕೆ ಮೊದಲು ಎಂಜಿನ್ ಕಟ್ಟಿ ಗೊತ್ತಿರಲಿಲ್ಲ. ಒಂದು ಕಾರಿನ ಎಂಜಿನ್ ರಿಪೇರಿಗೆ ಕೈ ಹಾಕಿದ್ದರು, ಅಷ್ಟೇ ಅನುಭವ. ಅಂಗಡಿಯಲ್ಲಿ ಇದ್ದದ್ದು ಒಂದು ಲೇತ್, ಒಂದು ಡ್ರಿಲ್ಲಿಂಗ್ ಮಷೀನ್, ಉಳಿದದ್ದು ಕೈ ಉಪಕರಣ. ಕ್ರ್ಯಾಂಕ್‌ಶಾಫ್ಟನ್ನು ದಪ್ಪ ಉಕ್ಕಿನ ಹಲಗೆಯ ಮೇಲೆ ಗೆರೆ ಹಾಕಿ, ಗೆರೆಯುದ್ದಕ್ಕೂ ತೂತು ಕೊರೆದು, ಬೇಡದ್ದನ್ನು ಉಳಿಯಲ್ಲಿ ಹೊಡೆದು ತೆಗೆದು, ಆಮೇಲೆ ಲೇತಿಗೆ ಹಾಕಿ ನುಣುಪು ಮಾಡಿದರು. ಆರು ವಾರದಲ್ಲಿ ನಾಲ್ಕು ಸಿಲಿಂಡರಿನ ಎಂಜಿನ್ ಎದ್ದು ನಿಂತಿತು. ಸುಮಾರು 12 ಅಶ್ವಶಕ್ತಿ.

ಈ ಕಥೆಯಲ್ಲಿ ಜನ ಬಿಟ್ಟುಬಿಡುವ ಎರಡು ವಿಷಯ ಇವೆ. ಕ್ರ್ಯಾಂಕ್ ಕೂರುವ ಅಲ್ಯೂಮಿನಿಯಂ ಪೆಟ್ಟಿಗೆಯಾದ ಕ್ರ್ಯಾಂಕ್‌ಕೇಸನ್ನು ಟೇಲರ್ ತಾವೇ ಎರಕ ಹೊಯ್ಯಲಿಲ್ಲ, ಊರಿನ ಫೌಂಡ್ರಿಯಲ್ಲಿ ಮಾಡಿಸಿದರು. ತನ್ನ ಅಂಗಡಿಯಲ್ಲಿ ಆಗದ ಕೆಲಸವನ್ನು ಅದು ಗೊತ್ತಿದ್ದವರಿಗೆ ಕೊಟ್ಟರು. ಇನ್ನೊಂದು, ಮೊದಲ ಪರೀಕ್ಷೆಗಳಲ್ಲೇ ಪೆಟ್ರೋಲ್ ತೊಟ್ಟಿಕ್ಕಿ ಬೇರಿಂಗ್ ಮೇಲೆ ಬಿತ್ತು. ಬೇರಿಂಗ್ ಸೀಜ್ ಆಗಿ ಕ್ರ್ಯಾಂಕ್‌ಕೇಸ್ ಒಡೆಯಿತು. ಹೊಸ ಎರಕ ಬರುವವರೆಗೆ ಕಾಯಬೇಕಾಯಿತು. ಬೇರಿಂಗಿನ ಸಂದಿನಲ್ಲಿರಬೇಕಾದ ಎಣ್ಣೆ ತೊಳೆದುಹೋದರೆ ಏನಾಗುತ್ತದೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಸರಿ, ಯಾವ ಎಂಜಿನ್ ತರಬೇಕು? ನನ್ನ ಅಭಿಪ್ರಾಯ ಸ್ಪಷ್ಟ. ಎರಕದ ಕಬ್ಬಿಣದ ಬ್ಲಾಕ್ (ಸಿಲಿಂಡರ್‌ಗಳಿರುವ ಎಂಜಿನ್ನಿನ ಮುಖ್ಯ ಒಡಲು) ಇರುವ, ಸಾಲಾಗಿ ನಾಲ್ಕು ಸಿಲಿಂಡರ್ ಇರುವ, ಟರ್ಬೊ ಇಲ್ಲದ ಹಳೆಯ ಪೆಟ್ರೋಲ್ ಎಂಜಿನ್ ತನ್ನಿ. ಕಬ್ಬಿಣದ ಬ್ಲಾಕನ್ನು ರಿಬೋರ್ ಮಾಡಿಸುವುದು, ಅಂದರೆ ಸವೆದ ಸಿಲಿಂಡರನ್ನು ಸ್ವಲ್ಪ ದೊಡ್ಡದಾಗಿ ಕೊರೆಸುವುದು, ಸುಲಭ. ಕೆಲವು ಅಲ್ಯೂಮಿನಿಯಂ ಬ್ಲಾಕ್‌ಗಳಲ್ಲಿ ಸಿಲಿಂಡರ್ ಒಳಗೋಡೆಗೆ ತೆಳುವಾದ ವಿಶೇಷ ಲೇಪನ ಇರುತ್ತದೆ, ಅದನ್ನು ಸುಮ್ನೆ ಕೊರೆಯಲು ಬರುವುದಿಲ್ಲ. ಸರ್ವಿಸ್ ಮ್ಯಾನ್ಯುವಲ್ ಸಿಗದ ಎಂಜಿನ್ ಎಷ್ಟು ಅಗ್ಗಕ್ಕೆ ಬಂದರೂ ಬೇಡ. ಅಳತೆ ಮಾಡಿದ ಮೇಲೆ ಹೋಲಿಸುವುದಕ್ಕೆ ಒಂದು ಸರಿಯಾದ ಸಂಖ್ಯೆ ಬೇಕಲ್ಲ, ಅದು ಇರುವುದು ಮ್ಯಾನ್ಯುವಲ್ಲಿನಲ್ಲಿ. ಇನ್ನೊಂದು ಮಾತನ್ನು ಒತ್ತಿ ಹೇಳುತ್ತೇನೆ. ದಿನಾ ಓಡಿಸುವ ಕಾರಿನ ಎಂಜಿನ್ನನ್ನು ಕಲಿಕೆಗೆ ಬಿಚ್ಚಬೇಡಿ. ಸೋಮವಾರ ಕಾರು ಬೇಕು ಅನ್ನುವ ಅವಸರ ಬಂದರೆ ಅಳತೆ ತಪ್ಪುತ್ತದೆ.

ನಾಲ್ಕು ಸಿಲಿಂಡರಿನ ಎಂಜಿನ್ 100ರಿಂದ 150 ಕಿಲೋ ತೂಗುತ್ತದೆ. ಎತ್ತುವುದಕ್ಕೆ ಹಾಯ್ಸ್ಟ್ ಬೇಕು, ಇಡುವುದಕ್ಕೆ ಎಂಜಿನ್ ಸ್ಟ್ಯಾಂಡ್ ಬೇಕು. ಹಾಯ್ಸ್ಟಿನಲ್ಲಿ ನೇತಾಡುವ ಎಂಜಿನ್ ಕೆಳಗೆ ಕೈ ಕಾಲು ಯಾವುದೂ ಹೋಗಬಾರದು, ಒಂದು ಕ್ಷಣಕ್ಕೂ.

ಬಿಚ್ಚುವುದನ್ನು ಜನ ಬೇಗ ಬೇಗ ಮುಗಿಸುತ್ತಾರೆ. ಅಲ್ಲಿ ಒಂದು ದೊಡ್ಡ ಪಾಠ ಕಳೆದುಹೋಗುತ್ತದೆ. ಹಳೆಯ ಎಂಜಿನ್ ತನ್ನ ಇಡೀ ಚರಿತ್ರೆಯನ್ನು ಒಳಗೆ ಬರೆದಿಟ್ಟುಕೊಂಡಿರುತ್ತದೆ. ಹೆಡ್, ಅಂದರೆ ಸಿಲಿಂಡರ್‌ಗಳ ಮೇಲಿನ ಮುಚ್ಚಳ, ತೆಗೆದ ತಕ್ಷಣ ಸಿಲಿಂಡರ್ ಮೇಲ್ತುದಿಗೆ ಉಗುರು ತಾಗಿಸಿ ಎಳೆಯಿರಿ. ಒಂದು ಮೆಟ್ಟಿಲು ಸಿಕ್ಕಿದರೆ ಪಿಸ್ಟನ್ ಸುತ್ತ ಇರುವ ರಿಂಗ್ ಓಡಾಡುವ ಜಾಗ ಸವೆದಿದೆ, ಅದರ ಮೇಲಿನ ಜಾಗ ಹಾಗೇ ಉಳಿದಿದೆ ಅಂತ ಅರ್ಥ. ಬೇರಿಂಗ್ ಶೆಲ್ (ಬೇರಿಂಗಿನ ಅರ್ಧಚಂದ್ರಾಕಾರದ ತೆಳು ಹೋಳು) ತೆಗೆದು ಬೆಳಕಿಗೆ ಹಿಡಿಯಿರಿ. ಒಂದೇ ಸಮನೆ ಮಾಸಲು ಬೂದು ಬಣ್ಣ ಇದ್ದರೆ ಅದು ನೆಮ್ಮದಿಯಾಗಿ ಬಾಳಿದೆ. ತಾಮ್ರದ ಬಣ್ಣ ಇಣುಕಿದರೆ ಮೇಲಿನ ಮೆದು ಪದರ ಹೋಗಿದೆ. ಉದ್ದುದ್ದ ಗೀರು ಇದ್ದರೆ ಎಣ್ಣೆಯಲ್ಲಿ ಕಸ ಇತ್ತು. ಶೆಲ್ಲಿನ ಒಂದು ಅಂಚು ಮಾತ್ರ ಸವೆದಿದ್ದರೆ ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡ್ ಬಾಗಿರಬಹುದು, ಇಲ್ಲವೇ ಜರ್ನಲ್ ಒಂದು ತುದಿಯಲ್ಲಿ ಸಪೂರ ಆಗಿರಬಹುದು. ಜರ್ನಲ್ ಅಂದರೆ ಕ್ರ್ಯಾಂಕ್ ಮೇಲೆ ಬೇರಿಂಗ್ ಕೂರುವ ನುಣುಪಾದ ದುಂಡು ಭಾಗ, ಗೊತ್ತಲ್ವಾ. ಶೆಲ್‌ಗಳನ್ನು ಎಸೆಯಬೇಡಿ. ಯಾವುದು ಎಲ್ಲಿತ್ತು ಅಂತ ಹಿಂದೆ ಬರೆದು, ಸಾಲಾಗಿ ಹಲಗೆಯ ಮೇಲೆ ಜೋಡಿಸಿ, ಫೋಟೊ ತೆಗೆದಿಡಿ.

ಬಿಚ್ಚುವಾಗ ಗುರುತು ಹಾಕದೆ ಇದ್ದರೆ ಸರಿಪಡಿಸಲಾಗದ ನಷ್ಟ ಆಗುವ ಜಾಗ ಒಂದಿದೆ. ಮೇನ್ ಬೇರಿಂಗ್ ಕ್ಯಾಪ್‌ಗಳು, ರಾಡ್ ಕ್ಯಾಪ್‌ಗಳು. ಮೊದಲನೆಯವು ಕ್ರ್ಯಾಂಕನ್ನು ಬ್ಲಾಕಿಗೆ, ಎರಡನೆಯವು ರಾಡನ್ನು ಕ್ರ್ಯಾಂಕಿಗೆ ಬಿಗಿದು ಹಿಡಿಯುವ ಮುಚ್ಚಳಗಳು. ಕಾರ್ಖಾನೆಯಲ್ಲಿ ಮೇನ್ ಕ್ಯಾಪ್‌ಗಳನ್ನು ಬ್ಲಾಕಿಗೆ ಬಿಗಿದು, ಆಮೇಲೆ ಉದ್ದಕ್ಕೂ ಒಟ್ಟಿಗೆ ಕೊರೆದಿರುತ್ತಾರೆ. ಹಾಗಾಗಿ ಎರಡನೇ ಕ್ಯಾಪ್ ಎರಡನೇ ಜಾಗಕ್ಕೇ ಹೋಗಬೇಕು, ಅದೇ ದಿಕ್ಕಿನಲ್ಲಿ ಕೂರಬೇಕು. ಅದಲು ಬದಲಾದರೆ ತೂತು ದುಂಡಗೆ ಇರುವುದಿಲ್ಲ. ಈಗಿನ ಬಹಳ ರಾಡ್‌ಗಳನ್ನು ಕತ್ತರಿಸುವ ಬದಲು ಮುರಿದು ಎರಡು ಭಾಗ ಮಾಡಿರುತ್ತಾರೆ. ಮುರಿದ ಒರಟು ಮೇಲ್ಮೈಗಳು ಒಂದರೊಳಗೊಂದು ಕಚ್ಚಿ ಕೂರುತ್ತವೆ. ಅಂಥ ರಾಡಿಗೆ ಬೇರೆ ರಾಡಿನ ಕ್ಯಾಪ್ ಹಾಕಿ ಬಿಗಿದರೆ ಎರಡೂ ಹಾಳು.

ಈಗ ಸಂದಿನ ವಿಷಯಕ್ಕೆ ಬರೋಣ.

ಬೇರಿಂಗಿಗೂ ಜರ್ನಲ್ಲಿಗೂ ನಡುವೆ ಎಷ್ಟು ಸಂದು ಬಿಡಬೇಕು? ಕಟ್ಟುವವರು ಬಳಸುವ ಒಂದು ಹಳೆಯ ಲೆಕ್ಕ ಇದೆ. ಜರ್ನಲ್ ಅಡ್ಡಳತೆಯ ಸಾವಿರದ ಒಂದು ಪಾಲು. 50 ಮಿ.ಮೀ. ಜರ್ನಲ್ಲಿಗೆ 0.05 ಮಿ.ಮೀ. ತೆಳು ತಲೆಕೂದಲಿನ ದಪ್ಪ ಅಂದುಕೊಳ್ಳಿ. ಇದು ಅಂದಾಜಿಗೆ ಮಾತ್ರ, ಕೊನೆಯ ಮಾತು ಮ್ಯಾನ್ಯುವಲ್ಲಿನದು. ಆದರೆ ಈ ಇಷ್ಟು ಸಣ್ಣ ಜಾಗದಲ್ಲಿ ನಡೆಯುವ ಕೆಲಸ ನನಗೆ ಇಡೀ ಎಂಜಿನ್ನಿನಲ್ಲೇ ಅತಿ ಸುಂದರವಾದದ್ದು.

ಎಂಜಿನ್ ಓಡುವಾಗ ಕ್ರ್ಯಾಂಕು ಬೇರಿಂಗನ್ನು ಮುಟ್ಟುವುದಿಲ್ಲ. ಎಣ್ಣೆಯ ಪದರದ ಮೇಲೆ ತೇಲುತ್ತದೆ. ಬಹಳ ಜನ ಎಣ್ಣೆ ಪಂಪೇ ಅದನ್ನು ಎತ್ತಿ ಹಿಡಿದಿದೆ ಅಂದುಕೊಂಡಿದ್ದಾರೆ. ಪಂಪ್ ಕೊಡುವ ಒತ್ತಡ ಸಾಮಾನ್ಯವಾಗಿ 3-4 ಬಾರ್ (1 ಬಾರ್ ಅಂದರೆ ಸುಮಾರು ವಾತಾವರಣದ ಒತ್ತಡದಷ್ಟು). ಅಷ್ಟರಿಂದ ಆ ಭಾರ ಎತ್ತಲು ಆಗುವುದಿಲ್ಲ. ಪಂಪ್ ಎಣ್ಣೆಯನ್ನು ಅಲ್ಲಿಯವರೆಗೆ ತಲುಪಿಸುತ್ತದೆ. ಎತ್ತುವುದು ಕ್ರ್ಯಾಂಕಿನ ಸುತ್ತುವಿಕೆ. ಜರ್ನಲ್ ಸ್ವಲ್ಪ ಒಂದು ಬದಿಗೆ ಸರಿದು ಕೂತಿರುತ್ತದೆ, ಹಾಗಾಗಿ ಸಂದು ಒಂದು ಕಡೆ ಅಗಲ, ಇನ್ನೊಂದು ಕಡೆ ಕಿರಿದು. ಸುತ್ತುವ ಜರ್ನಲ್ ಎಣ್ಣೆಯನ್ನು ಅಗಲದಿಂದ ಕಿರಿದಿಗೆ ಎಳೆದುಕೊಂಡು ಹೋಗುತ್ತದೆ. ಜಾಗ ಕಡಿಮೆಯಾಗುತ್ತಾ ಹೋದಂತೆ ಎಣ್ಣೆಯಲ್ಲಿ ಒತ್ತಡ ಏರುತ್ತದೆ. ಪಂಪಿನ ಒತ್ತಡದ ಹತ್ತಾರು ಪಟ್ಟು, ಕೆಲವೊಮ್ಮೆ ನೂರು ಪಟ್ಟು.

ಇದು ಗೊತ್ತಾದ ಬಗೆಯನ್ನೂ ಹೇಳಿಬಿಡುತ್ತೇನೆ, ಸ್ವಲ್ಪ ದಾರಿ ಬಿಟ್ಟರೂ ಪರವಾಗಿಲ್ಲ. 1880ರ ದಶಕದಲ್ಲಿ ಬ್ರಿಟನ್ನಿನಲ್ಲಿ ಬ್ಯೂಶಾಂಪ್ ಟವರ್ ಅನ್ನುವ ಎಂಜಿನಿಯರ್ ಬೇರಿಂಗ್‌ಗಳ ಘರ್ಷಣೆಯ ಬಗ್ಗೆ ಪ್ರಯೋಗ ಮಾಡುತ್ತಿದ್ದರು. ಎಣ್ಣೆ ಬಿಡಲು ಅಂತ ಬೇರಿಂಗಿನ ಮೇಲ್ಭಾಗದಲ್ಲಿ ಒಂದು ತೂತು ಕೊರೆದರು. ಶಾಫ್ಟ್ ತಿರುಗಿಸಿದರೆ ಎಣ್ಣೆ ಒಳಗೆ ಹೋಗುವ ಬದಲು ಹೊರಗೆ ಉಕ್ಕಿತು. ಬಿರಟೆ ಹಾಕಿದರು, ಅದು ಎದ್ದು ಬಂತು. ಮರದ ಗೂಟ ಹೊಡೆದರು, ಅದೂ ಹೊರಗೆ ಬಂತು. ಕೊನೆಗೆ ಒತ್ತಡದ ಗೇಜ್ ಕೂರಿಸಿದರು, ಮುಳ್ಳು 200 ಪಿಎಸ್‌ಐ (ಸುಮಾರು 14 ಬಾರ್) ದಾಟಿತು. ಟವರ್ ಅವರ ಮೊದಲ ವರದಿ ಬಂದದ್ದು 1883ರಲ್ಲಿ. ಅದನ್ನು ಓದಿದ ವಿಜ್ಞಾನಿ ಆಸ್ಬರ್ನ್ ರೆನಾಲ್ಡ್ಸ್ 1886ರಲ್ಲಿ ಅದಕ್ಕೆ ಗಣಿತ ಬರೆದರು. ಕಾರ್ಲ್ ಬೆಂಜ್ ತಮ್ಮ ಮೋಟಾರು ಗಾಡಿಗೆ ಪೇಟೆಂಟ್ ಅರ್ಜಿ ಹಾಕಿದ್ದೂ ಅದೇ 1886ರಲ್ಲಿ. ಕಾರೂ ಅದರ ಬೇರಿಂಗಿನ ಲೆಕ್ಕವೂ ಒಂದೇ ವರ್ಷ ಬಂದವು ಅಂತ ನೆನೆದಾಗಲೆಲ್ಲ ನನಗೆ ಖುಷಿ ಆಗುತ್ತದೆ.

ಈಗ 0.05ಕ್ಕೆ ಅರ್ಥ ಬಂತು ನೋಡಿ. ಸಂದು ತೀರಾ ಕಿರಿದಾದರೆ ಸಾಕಷ್ಟು ಎಣ್ಣೆ ಹರಿಯುವುದಿಲ್ಲ, ಶಾಖ ಹೊರಗೆ ಹೋಗುವುದಿಲ್ಲ, ಲೋಹ ಲೋಹಕ್ಕೆ ತಾಗಿ ಅಂಟಿಕೊಳ್ಳುತ್ತದೆ. ಜಾಸ್ತಿ ಆದರೆ ಎಣ್ಣೆ ಪಕ್ಕದಿಂದ ಸೋರಿಹೋಗುತ್ತದೆ. ಒತ್ತಡ ಇಳಿಯುತ್ತದೆ, ಪದರ ತೆಳುವಾಗುತ್ತದೆ, ಬೇರಿಂಗ್ ಬಡಿಯುತ್ತದೆ.

ಅಳೆಯುವುದು ಹೇಗೆ? ಅತಿ ಸರಳ ದಾರಿ ಪ್ಲಾಸ್ಟಿಗೇಜ್. ಮೇಣದಂಥ ಮೆದು ವಸ್ತುವಿನ ಸಣ್ಣ ಎಳೆ ಅದು. ಒಣಗಿದ ಜರ್ನಲ್ ಮೇಲೆ ಒಂದು ತುಂಡು ಇಟ್ಟು, ಕ್ಯಾಪ್ ಕೂರಿಸಿ, ಪೂರ್ತಿ ಟಾರ್ಕಿಗೆ (ಮ್ಯಾನ್ಯುವಲ್ ಹೇಳಿದ ತಿರುಗಿಸುವ ಬಲಕ್ಕೆ) ಬಿಗಿದು, ಮತ್ತೆ ಬಿಚ್ಚಿ. ಎಳೆ ಚಪ್ಪಟೆಯಾಗಿರುತ್ತದೆ. ಎಷ್ಟು ಅಗಲ ಆಗಿದೆ ಅಂತ ಜೊತೆಗೆ ಬರುವ ಕಾಗದದ ಪಟ್ಟಿಯಲ್ಲಿ ನೋಡಿ. ಅಗಲ ಆದಷ್ಟೂ ಸಂದು ಕಡಿಮೆ. ಎಳೆ ಇಟ್ಟಾಗ ಕ್ರ್ಯಾಂಕ್ ತಿರುಗಿಸಬಾರದು, ಅಷ್ಟೇ ಎಚ್ಚರ.

ಪ್ಲಾಸ್ಟಿಗೇಜ್ ಒಳ್ಳೆಯ ಸಾಕ್ಷಿ. ಆದರೆ ಅದೊಂದನ್ನೇ ನಂಬಿ ಎಂಜಿನ್ ಕಟ್ಟಬೇಡಿ ಅಂತ ನಾನು ಹೇಳುತ್ತೇನೆ. ಮೈಕ್ರೋಮೀಟರ್ ಮತ್ತು ತೂತಿನ ಒಳ ಅಡ್ಡಳತೆಯನ್ನು ಮುಳ್ಳಿನಲ್ಲಿ ತೋರಿಸುವ ಡಯಲ್ ಬೋರ್ ಗೇಜ್ ಬಳಸಲು ಕಲಿಯಿರಿ. ವರ್ನಿಯರ್ ಕ್ಯಾಲಿಪರ್ ಈ ಕೆಲಸಕ್ಕೆ ಸಾಲದು. ಅದರ ತಪ್ಪೇ 0.02-0.03 ಇರಬಹುದು, ನಾವು ಹುಡುಕುತ್ತಿರುವ ಸಂದು 0.05. ಮೈಕ್ರೋಮೀಟರಿನಲ್ಲಿ ಜರ್ನಲ್ಲನ್ನು ಎರಡು ದಿಕ್ಕಿನಲ್ಲಿ, ಎರಡು ತುದಿಯಲ್ಲಿ ಅಳೆಯಿರಿ. ದಿಕ್ಕು ಬದಲಾದಾಗ ಅಳತೆ ಬದಲಾದರೆ ಜರ್ನಲ್ ದುಂಡಗಿಲ್ಲ. ತುದಿ ಬದಲಾದಾಗ ಬದಲಾದರೆ ಓರೆ ಸವೆದಿದೆ. ಆಮೇಲೆ ಮೈಕ್ರೋಮೀಟರನ್ನು ಆ ಜರ್ನಲ್ ಅಳತೆಗೆ ಲಾಕ್ ಮಾಡಿ, ಅದರ ನಡುವೆ ಬೋರ್ ಗೇಜ್ ಇಟ್ಟು ಸೊನ್ನೆ ಹೊಂದಿಸಿ. ಈಗ ಶೆಲ್ ಹಾಕಿ ಕ್ಯಾಪ್ ಬಿಗಿದ ತೂತಿನೊಳಗೆ ಅದೇ ಗೇಜ್ ಇಟ್ಟರೆ ಮುಳ್ಳು ತೋರಿಸುವುದೇ ಸಂದು. ಕೂಡಿ ಕಳೆಯುವ ಲೆಕ್ಕ ಇಲ್ಲ. ಮೈಕ್ರೋಮೀಟರ್ ಸ್ವಲ್ಪ ತಪ್ಪು ತೋರಿಸುತ್ತಿದ್ದರೂ ಆ ತಪ್ಪು ಎರಡೂ ಕಡೆ ಒಂದೇ ಆಗಿ ರದ್ದಾಗುತ್ತದೆ. ಕ್ಯಾಪ್ ಮತ್ತು ಬ್ಲಾಕ್ ಕೂಡುವ ಗೆರೆಯ ಮೇಲೆ ಅಳೆಯಬೇಡಿ. ಶೆಲ್ ಅಲ್ಲಿ ಬೇಕೆಂದೇ ತೆಳುವಾಗಿರುತ್ತದೆ. ಆ ಗೆರೆಗೆ ನೇರ ಅಡ್ಡಲಾಗಿ ಅಳೆಯಬೇಕು.

ಕಲಿಯುವವರಿಗೆ ಒಂದು ಅಭ್ಯಾಸ. ಒಂದೇ ಜಾಗವನ್ನು ಬೆಳಗ್ಗೆ ಅಳೆದು ಬರೆದಿಡಿ. ಸಂಜೆ ಹಳೆಯ ಚೀಟಿ ನೋಡದೆ ಮತ್ತೆ ಅಳೆಯಿರಿ. ಎರಡು ಸಂಖ್ಯೆ ಹೊಂದುವವರೆಗೆ ಹೊಸ ಬೇರಿಂಗ್ ಕೊಳ್ಳಬೇಡಿ. ಮೈಕ್ರೋಮೀಟರ್ ಎಷ್ಟು ಬಿಗಿಯಬೇಕು ಅನ್ನುವುದು ಬೆರಳಿಗೆ ಗೊತ್ತಾಗಲು ಸಮಯ ಬೇಕು. ಅದನ್ನು ಯಾರೂ ಬಾಯಲ್ಲಿ ಹೇಳಿಕೊಡಲು ಆಗುವುದಿಲ್ಲ.

ಅಳತೆಗೆ ತಾಪಮಾನವೂ ಮುಖ್ಯ. ಉದ್ದದ ಅಳತೆಗೆ ಜಗತ್ತೆಲ್ಲ ಒಪ್ಪಿರುವ ತಾಪಮಾನ 20 ಡಿಗ್ರಿ ಸೆಲ್ಸಿಯಸ್. ನಿಮ್ಮ ಕೋಣೆ ಅಷ್ಟೇ ಇರಬೇಕು ಅಂತಿಲ್ಲ. ಭಾಗಗಳೂ ಉಪಕರಣಗಳೂ ಒಂದೇ ಕೋಣೆಯಲ್ಲಿ ಒಂದು ರಾತ್ರಿ ಇದ್ದು ಒಂದೇ ಬಿಸಿಗೆ ಬಂದಿದ್ದರೆ ಸಾಕು. ಬಿಸಿಲಿನಿಂದ ತಂದ ಪಿಸ್ಟನ್ನನ್ನು ತಕ್ಷಣ ಅಳೆದರೆ ಸುಳ್ಳು ಸಂಖ್ಯೆ ಬರುತ್ತದೆ. 86 ಮಿ.ಮೀ. ಅಲ್ಯೂಮಿನಿಯಂ 100 ಡಿಗ್ರಿ ಬಿಸಿಯಾದರೆ ಸುಮಾರು 0.2 ಮಿ.ಮೀ. ಹಿಗ್ಗುತ್ತದೆ. ಅಷ್ಟೇ ಬಿಸಿಯಾದ ಕಬ್ಬಿಣದ ಸಿಲಿಂಡರ್ ಹಿಗ್ಗುವುದು 0.1ಕ್ಕಿಂತ ಸ್ವಲ್ಪ ಕಡಿಮೆ.

ಹಾಗಾದರೆ ಪಿಸ್ಟನ್ ಸುತ್ತ ಬಿಡುವ 0.03-0.05 ಮಿ.ಮೀ. ಸಂದು ಹೇಗೆ ಸಾಕಾಗುತ್ತದೆ, ಬಿಸಿಯಾದಾಗ ಸಿಕ್ಕಿಹಾಕಿಕೊಳ್ಳಬೇಕಲ್ವಾ? ಈ ಪ್ರಶ್ನೆ ನಿಮಗೆ ಬಂದಿದ್ದರೆ ಸರಿಯಾಗಿ ಯೋಚಿಸುತ್ತಿದ್ದೀರಿ. ಉತ್ತರ ಪಿಸ್ಟನ್ನಿನ ಆಕಾರದಲ್ಲಿದೆ. ನೋಡಲು ದುಂಡಗಿದ್ದರೂ ಅದು ಸ್ವಲ್ಪ ಮೊಟ್ಟೆಯಾಕಾರ. ತಲೆಯ ಕಡೆ ಜಾಸ್ತಿ ಬಿಸಿಯಾಗುವುದರಿಂದ ಅಲ್ಲಿ ಸಪೂರ, ಕೆಳಗಿನ ಸ್ಕರ್ಟಿನ ಕಡೆ ಅಗಲ. ಅಲ್ಯೂಮಿನಿಯಂಗೆ ಬೆರೆಸಿದ ಸಿಲಿಕಾನ್ ಹಿಗ್ಗುವುದನ್ನು ಕಡಿಮೆ ಮಾಡುತ್ತದೆ. ಬಿಸಿಯಾದ ಮೇಲೆ ಅದು ಬೇಕಾದ ಆಕಾರಕ್ಕೆ ಬರುತ್ತದೆ. ಹಾಗಾಗಿ ಪಿಸ್ಟನ್ನನ್ನು ಎಲ್ಲೆಂದರಲ್ಲಿ ಅಳೆದರೆ ಅರ್ಥವಿಲ್ಲ. ಪಿಸ್ಟನ್ನನ್ನು ರಾಡಿಗೆ ಜೋಡಿಸುವ ಪಿನ್ನಿಗೆ ಅಡ್ಡಲಾಗಿ, ತಯಾರಕರು ಹೇಳಿದ ಎತ್ತರದಲ್ಲಿ, ಸ್ಕರ್ಟಿನ ಮೇಲೆ ಅಳೆಯಬೇಕು. ಫೋರ್ಜ್ ಮಾಡಿದ (ಎರಕದ ಬದಲು ಒತ್ತಿ ರೂಪಿಸಿದ) ಪಿಸ್ಟನ್‌ಗಳಲ್ಲಿ ಕೆಲವು ಜಾಸ್ತಿ ಹಿಗ್ಗುತ್ತವೆ, ಅವಕ್ಕೆ ಜಾಸ್ತಿ ಸಂದು ಬೇಕು. ಡಬ್ಬಿಯ ಜೊತೆ ಬರುವ ಚೀಟಿಯನ್ನು ಎಸೆಯಬೇಡಿ ಅಂತ ಹೇಳುವುದು ಅದಕ್ಕೆ.

ರಿಂಗಿನ ಬಾಯಿಯ, ಅಂದರೆ ಅದರ ಎರಡು ತುದಿಗಳ ನಡುವಿನ, ಸಂದೂ ಹೀಗೇ. ಮೇಲಿನ ರಿಂಗಿಗೆ ಸಾಮಾನ್ಯ ಲೆಕ್ಕ ಬೋರಿನ (ಸಿಲಿಂಡರಿನ ಒಳ ಅಡ್ಡಳತೆಯ) ಸಾವಿರದ ನಾಲ್ಕು ಪಾಲು. 86 ಮಿ.ಮೀ. ಬೋರಿಗೆ ಹತ್ತಿರ ಹತ್ತಿರ 0.35 ಮಿ.ಮೀ. ರಿಂಗನ್ನು ಸಿಲಿಂಡರಿನೊಳಗೆ ಇಟ್ಟು, ತಲೆಕೆಳಗೆ ಮಾಡಿದ ಪಿಸ್ಟನ್ನಿನಿಂದ ನೇರ ಮಾಡಿ, ಫೀಲರ್ ಗೇಜ್ (ಗೊತ್ತಾದ ದಪ್ಪದ ತೆಳು ತಗಡು) ತೂರಿಸಿ ನೋಡಬೇಕು. ಕಡಿಮೆ ಇದ್ದರೆ ಬಿಸಿಯಲ್ಲಿ ಎರಡು ತುದಿ ಒಂದಕ್ಕೊಂದು ಒತ್ತಿ ರಿಂಗ್ ಮುರಿಯುತ್ತದೆ. ಸ್ವಲ್ಪ ಜಾಸ್ತಿ ಇದ್ದರೆ ಒಂದಿಷ್ಟು ಗ್ಯಾಸ್ ಸೋರುತ್ತದೆ, ಅಷ್ಟೇ. ಅನುಮಾನ ಇದ್ದಾಗ ಜಾಸ್ತಿಯ ಕಡೆಗೇ ಇರಿ.

ಅಳತೆ ಮುಗಿದ ಮೇಲೆ ಮಷೀನ್ ಶಾಪಿಗೆ ಹೋಗುವ ಪಟ್ಟಿ ತಾನಾಗಿ ಸಿಗುತ್ತದೆ. ರಿಬೋರ್, ಹೋನಿಂಗ್ (ಸಿಲಿಂಡರ್ ಒಳಗೋಡೆಯನ್ನು ಕಲ್ಲಿನಿಂದ ಉಜ್ಜುವುದು), ಕ್ರ್ಯಾಂಕ್ ಗ್ರೈಂಡಿಂಗ್ (ಜರ್ನಲ್‌ಗಳನ್ನು ಉಜ್ಜಿ ಸ್ವಲ್ಪ ಸಪೂರ ಮಾಡುವುದು), ಹೆಡ್ ಸಮತಟ್ಟು ಮಾಡುವುದು, ವಾಲ್ವ್ ಸೀಟ್, ಬಿರುಕು ಪರೀಕ್ಷೆ. ಇವಕ್ಕೆ ಬೇಕಾದ ಯಂತ್ರಗಳು ಮನೆಯಲ್ಲಿ ಇರುವುದಿಲ್ಲ, ಇರಬೇಕಾದ್ದೂ ಇಲ್ಲ. ಪಿಸ್ಟನ್ ಕೈಗೆ ಬರುವ ಮೊದಲು ಮಾತ್ರ ಬೋರ್ ಮಾಡಿಸಬೇಡಿ. ಪಿಸ್ಟನ್‌ಗಳನ್ನೂ ಕೊಟ್ಟು, ಇಷ್ಟು ಸಂದು ಬೇಕು ಅಂತ ಬರೆದು ಕೊಡಿ. ಕ್ರ್ಯಾಂಕ್ ಗ್ರೈಂಡ್ ಮಾಡಿಸಿದರೆ ಅದಕ್ಕೆ ಸರಿಯಾದ ಅಂಡರ್‌ಸೈಜ್ ಶೆಲ್ ಬೇಕು, ಸಾಮಾನ್ಯವಾಗಿ 0.25 ಅಥವಾ 0.50 ಮಿ.ಮೀ. ವಾಪಸ್ ಬಂದದ್ದನ್ನು ಎಲ್ಲವನ್ನೂ ಮತ್ತೆ ನೀವೇ ಅಳೆಯಿರಿ. ಇದು ಅವರ ಮೇಲಿನ ಅಪನಂಬಿಕೆ ಅಲ್ಲ. ಒಳ್ಳೆಯ ಮಷೀನಿಸ್ಟ್ ಇದಕ್ಕೆ ಬೇಸರ ಮಾಡಿಕೊಳ್ಳುವುದೂ ಇಲ್ಲ.

ಹೋನಿಂಗ್ ಆದ ಸಿಲಿಂಡರಿನೊಳಗೆ ಅಡ್ಡಡ್ಡ ಹಾಯುವ ಸಣ್ಣ ಗೀರುಗಳು ಕಾಣುತ್ತವೆ. ಎಣ್ಣೆ ನಿಲ್ಲುವುದು ಅಲ್ಲೇ. ಹೋನ್ ಕಲ್ಲಿನ ಪುಡಿ ಸೇರಿಕೊಳ್ಳುವುದೂ ಅಲ್ಲೇ. ಪೆಟ್ರೋಲಿನಲ್ಲೋ ಸೀಮೆಎಣ್ಣೆಯಲ್ಲೋ ಒರೆಸಿದರೆ ಆ ಪುಡಿ ಹೋಗುವುದಿಲ್ಲ. ಬಿಸಿನೀರು, ಸೋಪು, ಗಟ್ಟಿ ಬ್ರಷ್, ಇವೇ ಬೇಕು. ತಿಕ್ಕಿ ತೊಳೆದು, ಒಣಗಿಸಿ, ತಕ್ಷಣ ಎಣ್ಣೆ ಸವರಿ, ಬಿಳಿ ಬಟ್ಟೆಯಲ್ಲಿ ಒರೆಸಿ. ಬಟ್ಟೆ ಬೂದು ಬಣ್ಣಕ್ಕೆ ತಿರುಗಿದರೆ ಮತ್ತೆ ತೊಳೆಯಿರಿ. ಬಟ್ಟೆ ಬಿಳಿಯಾಗಿಯೇ ಉಳಿಯುವವರೆಗೆ. ಹೊಸ ಎಂಜಿನ್ ಬೇಗ ಸಾಯುವುದಕ್ಕೆ ಈ ಪುಡಿಯೇ ಒಂದು ದೊಡ್ಡ ಕಾರಣ. ಬ್ಲಾಕಿನ ಎಣ್ಣೆ ದಾರಿಗಳ ಪ್ಲಗ್ ತೆಗೆದು, ಉದ್ದನೆಯ ಬ್ರಷ್ ಹಾಕಿ ಅವನ್ನೂ ತೊಳೆಯಬೇಕು.

ಬೋಲ್ಟ್ ಬಗ್ಗೆ ಮಾತಾಡುವ ಮೊದಲು ಒಂದು ಲೆಕ್ಕ ಮಾಡೋಣ. ಬೋರ್ 86, ಸ್ಟ್ರೋಕ್ (ಪಿಸ್ಟನ್ ಓಡಾಡುವ ದೂರ) 86 ಮಿ.ಮೀ. ಇರುವ ನಾಲ್ಕು ಸಿಲಿಂಡರ್ ಎಂಜಿನ್ ತೆಗೆದುಕೊಳ್ಳಿ. 1998 ಸಿಸಿ. ಹೋಂಡಾ, ನಿಸಾನ್, ಟೊಯೋಟಾ ಎಲ್ಲರೂ ಈ ಅಳತೆಯ ಎಂಜಿನ್ ಮಾರಿದ್ದಾರೆ. 6000 ಆರ್‌ಪಿಎಂನಲ್ಲಿ (ನಿಮಿಷಕ್ಕೆ 6000 ಸುತ್ತು) ಪಿಸ್ಟನ್ ಒಂದು ಸೆಕೆಂಡಿಗೆ ನೂರು ಸಲ ಮೇಲೆ ಹೋಗಿ ಕೆಳಗೆ ಬರುತ್ತದೆ. ಸರಾಸರಿ ವೇಗ ಸೆಕೆಂಡಿಗೆ 17 ಮೀಟರ್. ಮೇಲ್ತುದಿಯಲ್ಲಿ ನಿಂತು ತಿರುಗುವ ಕ್ಷಣದಲ್ಲಿ ಅದರ ಮೇಲಿನ ವೇಗೋತ್ಕರ್ಷ ಗುರುತ್ವದ ಎರಡು ಸಾವಿರ ಪಟ್ಟಿಗೂ ಜಾಸ್ತಿ. ಪಿಸ್ಟನ್ನೂ ಪಿನ್ನೂ ಸೇರಿ 300 ಗ್ರಾಂ ಇದ್ದರೆ, ಆ ಕ್ಷಣಕ್ಕೆ ಅದು ರಾಡನ್ನು 650 ಕಿಲೋಗೂ ಹೆಚ್ಚಿನ ಭಾರದಷ್ಟು ಎಳೆಯುತ್ತದೆ. ಸುಟ್ಟ ಗ್ಯಾಸನ್ನು ಹೊರಹಾಕುವ ಎಕ್ಸಾಸ್ಟ್ ಸ್ಟ್ರೋಕಿನ ಕೊನೆಯಲ್ಲಿ ಎದುರು ಒತ್ತುವ ಗ್ಯಾಸ್ ಇರುವುದಿಲ್ಲ. ಆ ಎಳೆತವನ್ನು ಪೂರ್ತಿ ತಡೆಯುವುದು ರಾಡಿನ ಎರಡು ಬೋಲ್ಟ್. ಎಕ್ಸಾಸ್ಟ್ ಸ್ಟ್ರೋಕ್ ಎರಡು ಸುತ್ತಿಗೆ ಒಂದು, ಹಾಗಾಗಿ ಸೆಕೆಂಡಿಗೆ ಐವತ್ತು ಸಲ.

ಬೋಲ್ಟ್ ಅಂದರೆ ತುಂಬ ಗಟ್ಟಿಯಾದ ಸ್ಪ್ರಿಂಗ್. ಬಿಗಿದಾಗ ಅದು ಒಂದಿಷ್ಟು ಉದ್ದವಾಗುತ್ತದೆ, ಆ ಎಳೆತವೇ ಎರಡು ಭಾಗಗಳನ್ನು ಒತ್ತಿ ಹಿಡಿಯುತ್ತದೆ. ನಮಗೆ ಬೇಕಾದ್ದು ಆ ಎಳೆತ. ಟಾರ್ಕ್ ರೆಂಚ್ ತೋರಿಸುವುದು ತಿರುಗಿಸಲು ಹಾಕಿದ ಬಲ. ಅದರಲ್ಲಿ ಹೆಚ್ಚುಕಡಿಮೆ ಅರ್ಧ ಬೋಲ್ಟ್ ತಲೆಯ ಕೆಳಗಿನ ಘರ್ಷಣೆಗೆ ಹೋಗುತ್ತದೆ, ಶೇ. 40ರಷ್ಟು ಥ್ರೆಡ್ಡಿನ ಘರ್ಷಣೆಗೆ. ಬೋಲ್ಟ್ ಎಳೆಯಲು ಉಳಿಯುವುದು ಸುಮಾರು ಶೇ. 10. ಹಾಗಾಗಿ ಥ್ರೆಡ್ಡಿಗೆ ಎಣ್ಣೆ ಇದೆಯೋ, ತುಕ್ಕು ಇದೆಯೋ ಅನ್ನುವುದರ ಮೇಲೆ ಒಂದೇ ಟಾರ್ಕಿನಲ್ಲಿ ಬೇರೆ ಬೇರೆ ಬಿಗಿ ಬರುತ್ತದೆ. ಮ್ಯಾನ್ಯುವಲ್ ಎಣ್ಣೆ ಹಾಕಿ ಅಂದರೆ ಹಾಕಿ, ಒಣಗಿರಲಿ ಅಂದರೆ ಒಣಗಿರಲಿ. ಇದೇ ಕಾರಣಕ್ಕೆ ಈಗಿನ ಎಂಜಿನ್‌ಗಳಲ್ಲಿ ಮೊದಲು ಇಷ್ಟು ಟಾರ್ಕ್, ಆಮೇಲೆ 90 ಡಿಗ್ರಿ ತಿರುಗಿಸಿ ಅಂತ ಇರುತ್ತದೆ. ಅಂಥ ಹೆಡ್ ಬೋಲ್ಟ್‌ಗಳಲ್ಲಿ ಹೆಚ್ಚಿನವು ಒಂದು ಸಲ ಬಿಗಿದ ಮೇಲೆ ಶಾಶ್ವತವಾಗಿ ಉದ್ದವಾಗಿಬಿಡುತ್ತವೆ. ಮತ್ತೆ ಹಾಕಬಾರದು, ಹೊಸದೇ ಬೇಕು. ಬ್ಲಾಕಿನ ಬೋಲ್ಟ್ ತೂತುಗಳ ತಳದಲ್ಲಿ ಎಣ್ಣೆ ನಿಂತಿಲ್ಲ ಅಂತಲೂ ನೋಡಿ. ತಳ ಮುಚ್ಚಿದ ತೂತಿನಲ್ಲಿ ಎಣ್ಣೆ ಇದ್ದು ಬೋಲ್ಟ್ ಬಿಗಿದರೆ ಎಣ್ಣೆ ಹೋಗಲು ದಾರಿ ಇಲ್ಲದೆ ಬ್ಲಾಕ್ ಬಿರುಕು ಬಿಡಬಹುದು.

ಜೋಡಣೆಯ ಕ್ರಮ ಮ್ಯಾನ್ಯುವಲ್ಲಿನಲ್ಲೇ ಇರುವುದರಿಂದ ಬೇಗ ಹೇಳಿ ಮುಗಿಸುತ್ತೇನೆ. ಶೆಲ್ಲಿನ ಬೆನ್ನು ಒಣಗಿ ಶುಚಿಯಾಗಿರಬೇಕು, ಮುಖಕ್ಕೆ ಮಾತ್ರ ಅಸೆಂಬ್ಲಿ ಲ್ಯೂಬ್ (ಜೋಡಿಸುವಾಗ ಹಚ್ಚುವ ಮಂದ ಎಣ್ಣೆ). ಎಣ್ಣೆ ತೂತು ಇರುವ ಶೆಲ್ ಬ್ಲಾಕಿನ ಕಡೆ. ಕ್ರ್ಯಾಂಕ್ ಕೂರಿಸಿ ಎಲ್ಲ ಕ್ಯಾಪ್ ಬಿಗಿದ ಮೇಲೆ ಅದು ಬೆರಳಲ್ಲಿ ಸಲೀಸಾಗಿ ತಿರುಗಬೇಕು. ತಿರುಗದಿದ್ದರೆ ಅಲ್ಲೇ ನಿಲ್ಲಿ, ಮುಂದೆ ಹೋಗಬೇಡಿ. ಪ್ರತಿ ಪಿಸ್ಟನ್ ಹಾಕಿದ ಮೇಲೂ ಒಂದು ಸುತ್ತು ತಿರುಗಿಸಿ. ರಿಂಗಿನ ಘರ್ಷಣೆಯಿಂದ ಸ್ವಲ್ಪ ಸ್ವಲ್ಪವೇ ಬಿಗಿ ಏರುತ್ತದೆ. ಇದ್ದಕ್ಕಿದ್ದಂತೆ ಜಾಸ್ತಿ ಬಿಗಿ ಬಂದರೆ ತೊಂದರೆ ಈಗ ಹಾಕಿದ ಪಿಸ್ಟನ್ನಿನಲ್ಲೇ ಇದೆ, ಹುಡುಕುವುದು ಸುಲಭ. ಟೈಮಿಂಗ್ (ಕ್ರ್ಯಾಂಕಿಗೂ ವಾಲ್ವ್ ತೆರೆಯುವ ಕ್ಯಾಮಿಗೂ ಇರುವ ತಾಳಮೇಳ) ಹೊಂದಿಸಿದ ಮೇಲೆ ಕ್ರ್ಯಾಂಕನ್ನು ಕೈಯಲ್ಲಿ ಪೂರ್ತಿ ಎರಡು ಸುತ್ತು ತಿರುಗಿಸಬೇಕು. ಕ್ರ್ಯಾಂಕ್ ಎರಡು ಸುತ್ತಿದಾಗ ಕ್ಯಾಮ್ ಒಂದು ಸುತ್ತು, ಆಗ ಎಲ್ಲ ವಾಲ್ವೂ ಒಂದು ಸಲ ತೆರೆದು ಮುಚ್ಚಿರುತ್ತವೆ. ಎಲ್ಲಾದರೂ ಗಟ್ಟಿಯಾಗಿ ತಡೆದರೆ ವಾಲ್ವು ಪಿಸ್ಟನ್ನಿಗೆ ತಾಗುತ್ತಿದೆ. ಸ್ಟಾರ್ಟರ್ ಮೋಟಾರಿನಲ್ಲಿ ಇದನ್ನು ಪರೀಕ್ಷೆ ಮಾಡಬೇಡಿ, ವಾಲ್ವ್ ಬಾಗಿದ ಮೇಲೆ ಗೊತ್ತಾಗುತ್ತದೆ.

ಹೆಡ್ ಸಮತಟ್ಟು ಮಾಡಿಸಿದ್ದರೆ ಕಂಪ್ರೆಷನ್ ರೇಷಿಯೊ, ಅಂದರೆ ಪಿಸ್ಟನ್ ಗ್ಯಾಸನ್ನು ಎಷ್ಟು ಪಟ್ಟು ಒತ್ತುತ್ತದೆ ಅನ್ನುವುದು, ಬದಲಾಗಿರುತ್ತದೆ. ಈಗ ಹೇಳಿದ ಎಂಜಿನ್ನಿನಲ್ಲಿ ಒಂದು ಸಿಲಿಂಡರಿಗೆ 499.6 ಸಿಸಿ. ಪಿಸ್ಟನ್ ಮೇಲ್ತುದಿಯಲ್ಲಿದ್ದಾಗ ಮೇಲೆ ಉಳಿಯುವ ಜಾಗ 55.5 ಸಿಸಿ ಇದ್ದರೆ ರೇಷಿಯೊ 10. ಸಮತಟ್ಟು ಮಾಡಿ ಆ ಜಾಗ ಬರೀ 2 ಸಿಸಿ ಕಡಿಮೆಯಾದರೂ 10.3 ಆಗುತ್ತದೆ. ಹೆಡ್ಡಿನ ಮೇಲೆ ಪಾರದರ್ಶಕ ಅಕ್ರಿಲಿಕ್ ತಗಡು ಇಟ್ಟು, ಬ್ಯೂರೆಟ್ಟಿನಿಂದ ಬಣ್ಣದ ನೀರು ಬಿಟ್ಟು ಹೆಡ್ಡಿನ ಪಾಲನ್ನು ಮನೆಯಲ್ಲೇ ಅಳೆಯಬಹುದು. ಗ್ಯಾಸ್ಕೆಟ್ಟಿನ ದಪ್ಪ, ಪಿಸ್ಟನ್ ತಲೆಯ ಗುಂಡಿ ಇವನ್ನೂ ಕೂಡಿಸಿಕೊಳ್ಳಿ. ಶಾಲೆಯ ಪ್ರಯೋಗಾಲಯದ ಕೆಲಸವೇ, ಮಕ್ಕಳನ್ನು ಜೊತೆಗೆ ಕೂರಿಸಿಕೊಳ್ಳಿ.

ಮೊದಲ ಸಲ ಸ್ಟಾರ್ಟ್ ಮಾಡುವ ಮುಂಚೆ ಎಣ್ಣೆ ಬೇರಿಂಗ್ ತನಕ ತಲುಪಿರಬೇಕು. ಸ್ಪಾರ್ಕ್ ಪ್ಲಗ್ ತೆಗೆದು, ಪೆಟ್ರೋಲ್ ಮತ್ತು ಇಗ್ನಿಷನ್ ಬಂದ್ ಮಾಡಿ, ಗೇಜಿನಲ್ಲಿ ಒತ್ತಡ ಕಾಣುವವರೆಗೆ ಸ್ಟಾರ್ಟರಿನಿಂದ ಎಂಜಿನ್ ಸುತ್ತಿಸಿ. ಹಳೆಯ ವಿನ್ಯಾಸದ ಚಪ್ಪಟೆ ಟ್ಯಾಪೆಟ್ (ವಾಲ್ವ್ ತೆರೆಯಲು ಕ್ಯಾಮ್ ಒತ್ತುವ ಭಾಗ) ಇದ್ದು ಕ್ಯಾಮ್ ಹೊಸದಾಗಿದ್ದರೆ ಐಡಲ್ ಬಿಡಬಾರದು. ಸ್ಟಾರ್ಟ್ ಆದ ಕೂಡಲೇ 2000 ಆರ್‌ಪಿಎಂ ಆಸುಪಾಸಿಗೆ ಏರಿಸಿ 20ರಿಂದ 30 ನಿಮಿಷ ಓಡಿಸಬೇಕು. ಅಂಥ ಎಂಜಿನ್ನಿನಲ್ಲಿ ಕ್ಯಾಮ್ ಮೇಲೆ ಬೀಳುವ ಎಣ್ಣೆ ಹೆಚ್ಚಾಗಿ ಕ್ರ್ಯಾಂಕ್ ಎರಚಿದ್ದು. ವೇಗ ಇಲ್ಲದಿದ್ದರೆ ಎರಚುವುದಿಲ್ಲ. ರೋಲರ್ ಇರುವ ಕ್ಯಾಮಿಗೆ ಈ ವ್ರತ ಬೇಡ.

‘ಹೊಸ ಎಂಜಿನ್ನನ್ನು ಮೆಲ್ಲಗೆ ಓಡಿಸಬೇಕಾ?’ ಅಂತ ಹಿಂದಿನ ಸಾಲಿನಿಂದ ಕೇಳುತ್ತಿದ್ದಾರೆ. ತೀರಾ ಮೆಲ್ಲಗೆ ಬೇಡ. ರಿಂಗನ್ನು ಸಿಲಿಂಡರ್ ಗೋಡೆಗೆ ಒತ್ತುವುದು ಅದರ ಹಿಂದೆ ಹೋಗುವ ಗ್ಯಾಸಿನ ಒತ್ತಡ. ಭಾರವೇ ಹಾಕದೆ ಗಂಟೆಗಟ್ಟಲೆ ಐಡಲ್ ಬಿಟ್ಟರೆ ಗೋಡೆಯ ಗೀರುಗಳ ಮೇಲೆ ಮೆರುಗು ಕೂತು ರಿಂಗ್ ಗೋಡೆಗೆ ಹೊಂದಿ ಕೂರುವುದೇ ಇಲ್ಲ. ಎಂಜಿನ್ ಬಿಸಿಯಾದ ಮೇಲೆ ಮಧ್ಯಮ ಭಾರ ಹಾಕಿ, ವೇಗ ಏರಿಸಿ ಇಳಿಸಿ ಓಡಿಸಿ. ಆಮೇಲೆ ಮೊದಲ ಎಣ್ಣೆಯನ್ನು ಬೇಗ ಬದಲಿಸಿ, ಫಿಲ್ಟರನ್ನು ಕತ್ತರಿಸಿ ಒಳಗಿನ ಕಾಗದ ಬಿಡಿಸಿ ನೋಡಿ. ಸ್ವಲ್ಪ ಲೋಹದ ಪುಡಿ ಇದ್ದೇ ಇರುತ್ತದೆ. ಅಯಸ್ಕಾಂತಕ್ಕೆ ಅಂಟಿದರೆ ಕಬ್ಬಿಣ, ರಿಂಗೋ ಕ್ಯಾಮೋ ಸಿಲಿಂಡರೋ ಇರಬಹುದು. ಅಂಟದ ಬೆಳ್ಳಿ ಮಿಂಚು ಪಿಸ್ಟನ್ನಿನ ಅಲ್ಯೂಮಿನಿಯಂ ಇರಬಹುದು, ಬೇರಿಂಗಿನ ಮೇಲ್ಪದರವೂ ಇರಬಹುದು. ತಾಮ್ರದ ಬಣ್ಣದ ಚೂರು ಕಂಡರೆ ಬೇರಿಂಗ್ ಕೆಳಪದರದವರೆಗೆ ಸವೆದಿದೆ, ಆ ಎಂಜಿನ್ನನ್ನು ಮತ್ತೆ ಸ್ಟಾರ್ಟ್ ಮಾಡಬೇಡಿ. ಸಂಪ್ (ಕೆಳಗಿನ ಎಣ್ಣೆ ತೊಟ್ಟಿ) ಇಳಿಸಿ ಕ್ಯಾಪ್ ಬಿಚ್ಚಿ ನೋಡಿ.

ನಾನು ಹೇಳುವುದು ಇಷ್ಟು. ಈ ಪಕ್ಕದ ಮೇಜಿನ ಮೇಲೆ ಒಂದು ಹಳೆಯ ಕ್ರ್ಯಾಂಕ್ ಇದೆ, ಮೈಕ್ರೋಮೀಟರ್ ಇದೆ, ಚೀಟಿ ಪೆನ್ಸಿಲ್ ಇದೆ. ಒಬ್ಬೊಬ್ಬರಾಗಿ ಬಂದು ಮೂರನೇ ಮೇನ್ ಜರ್ನಲ್ ಅಳೆಯಿರಿ. ಬರೆದದ್ದನ್ನು ಪಕ್ಕದವರಿಗೆ ತೋರಿಸಬೇಡಿ. ಎಲ್ಲರದೂ ಆದ ಮೇಲೆ ಸಂಖ್ಯೆಗಳನ್ನು ಬೋರ್ಡಿನ ಮೇಲೆ ಬರೆದು, ಎಷ್ಟು ವ್ಯತ್ಯಾಸ ಬಂದಿದೆ, ಯಾಕೆ ಬಂದಿದೆ ಅಂತ ಒಟ್ಟಿಗೆ ನೋಡೋಣ.